ಕೊನೆಯ ಪುಟದ ಬಲಮೂಲೆ

ಶ್ರೀ ಗುರುಬಸವಲಿಂಗಾಯ ನಮಃ

ಸದಾಶಿವ ಪೇಠ, ಪುಣೆ
ಸೋಮವಾರ, 10 ಜೂನ್ 2024

ಮಗಳೇ ರೇಣು,

ಕಾಗದ ಕಂಡು ಗಾಬರಿಯಾಗಬೇಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಆಗುವುದೆಲ್ಲ ಆಗಿ ಆರು ತಿಂಗಳಾಯಿತು. ಫೋನಿನಲ್ಲಿ ನೀನು "ಆರಾಮ ಅದೀರೇನ್ರಿ ಕಾಕೂ" ಅನ್ನುತ್ತೀ, ನಾನು "ಆರಾಮ ಅದೀನವಾ" ಅನ್ನುತ್ತೇನೆ, ಅಲ್ಲಿಗೆ ಇಬ್ಬರೂ ಫೋನ್ ಇಡುತ್ತೇವೆ. ನಾನು ಕೇಳಬೇಕಾದದ್ದು ಹಾಗೇ ಉಳಿಯುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಾನು ನಮ್ಮೂರ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಕಲಿತವಳು, ತಪ್ಪಿದ್ದರೆ ತಿದ್ದಿಕೊಂಡು ಓದು. ನೀನೂ ನನ್ನ ಮಾಂತೂ ಪುಣೆಯ ಕನ್ನಡ ಶಾಲೆಯಲ್ಲಿ ಒಂದೇ ಬೆಂಚಿನ ಮೇಲೆ ಕೂತವರು, ನನ್ನ ಅಕ್ಷರ ನಿನಗೆ ತಿಳಿಯುತ್ತದೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ಆದರೂ ಬರೆಯುತ್ತೇನೆ, ಬರೆದರೆ ಮುಂದಿನ ಮಾತಿಗೆ ದಾರಿಯಾಗುತ್ತದೆ. ಹದಿನಾಲ್ಕು ವರ್ಷದ ಹಿಂದೆ ನಿಮಗೆ ವಾದ್ಯ ಕಲಿಸುವ ಹರಿಶ್ಚಂದ್ರ ಸರ್ ಅವರ ತಂದೆಯ ಹೋಟೆಲಿನಲ್ಲಿ ನಾನು ದೋಸೆಹಿಟ್ಟು ರುಬ್ಬುತ್ತಿದ್ದೆ. ಒಂದು ದಿನ ಸರ್ ಮೇಲಿನ ತಾಲೀಮು ಕೋಣೆಗೆ ಕರೆದು, "ಕಲ್ಲವ್ವನವರೇ, ನಿಮ್ಮ ಕೈ ಹಗುರ ಉಂಟು. ಈ ಹಾಳೆಗಳನ್ನು ಇನ್ನು ನೀವೇ ನೋಡಿಕೊಳ್ಳಿ" ಅಂದರು. ಮುಂಬೈಯಿಂದ ಬಾಡಿಗೆಗೆ ಬರುವ ಸಂಗೀತದ ಹಾಳೆಗಳು ಅವು. ನೀವೆಲ್ಲ ಅವುಗಳ ಮೇಲೆ ಪೆನ್ಸಿಲಿನಿಂದ ಗುರುತು ಹಾಕಿಕೊಳ್ಳುತ್ತೀರಿ: ತಂತಿಯ ಮೇಲೆ ಕಮಾನು ಎಲ್ಲಿ ಕೆಳಗೆ ಎಳೆಯಬೇಕು, ಎಲ್ಲಿ ಮೇಲೆ, ಎಲ್ಲಿ ಸರ್ ಬೈದರು. ಕಾರ್ಯಕ್ರಮ ಮುಗಿದ ಮೇಲೆ ಅದನ್ನೆಲ್ಲ ರಬ್ಬರಿನಿಂದ ಅಳಿಸಿ, ಬಂದ ಹಾಗೆಯೇ ವಾಪಸು ಕಳಿಸಬೇಕು. ಅಳಿಸುವವಳು ನಾನು. ಆ ಸಂಗೀತದ ಒಂದು ಅಕ್ಷರವೂ ನನಗೆ ಬರುವುದಿಲ್ಲ. ಬಾಗಿಲ ಚೌಕಟ್ಟಿನಂಥ ಗುರುತು ಇದ್ದರೆ ಕಮಾನು ಕೆಳಗೆ, ಗೂಟದಂಥದ್ದು ಇದ್ದರೆ ಮೇಲೆ. ಅಷ್ಟೇ ನನ್ನ ವಿದ್ಯೆ.

ಮಾಂತು ಆ ಆಳೆತ್ತರದ ಪಿಟೀಲಿನಂಥ ಚೆಲ್ಲೋ ಹಿಡಿದು ಮುಂದಿನ ಕುರ್ಚಿಗೆ ಬಂದ ದಿನದಿಂದ ಒಂದು ಚಾಳಿ ಹಚ್ಚಿಕೊಂಡಿದ್ದ. ತನ್ನ ಹಾಳೆಯ ಕೊನೆಯ ಪುಟದ ಕೆಳಗೆ, ಬಲಮೂಲೆಯಲ್ಲಿ, ನನಗಂತ ಕನ್ನಡದಲ್ಲಿ ಒಂದು ಸಾಲು ಬರೆದಿಡುವುದು. ಸರ್ ಕನ್ನಡ ಆಡುತ್ತಾರೆ, ಓದಲು ಬಾರದು. ಅಲ್ಲಿ ಕನ್ನಡ ಓದುವವರು ನಾನು, ನೀನು ಇಬ್ಬರೇ. "ಅವ್ವಾ, ಈ ಪುಟ ಮೆತ್ತಗ ತಿಕ್ಕು, ಭಾಳ ತ್ರಾಸಿಲೆ ಬಾರಿಸೇನಿ." "ಅವ್ವಾ, ನಾಳಿಗೆ ಪುಂಡಿಪಲ್ಯ." "ಅವ್ವಾ, ಇಲ್ಲಿ ರೇಣು ತಪ್ಪಿದಳು, ಬೈಗುಳ ನನಗ ಬಿತ್ತು." ಓದುತ್ತಿದ್ದೆ, ನಗುತ್ತಿದ್ದೆ, ಅಳಿಸುತ್ತಿದ್ದೆ. ಒಂದನ್ನಾದರೂ ಉಳಿಸಿಕೊಳ್ಳಬೇಕಿತ್ತು ಅಂತ ಈಗ ಅನ್ನಿಸುತ್ತದೆ. ಆಗ ಅನ್ನಿಸಲಿಲ್ಲ. ಮುಂದಿನ ತಿಂಗಳು ಮತ್ತೊಂದು ಬರುತ್ತಿತ್ತಲ್ಲ.

ನೀನು, ಮಾಂತು, ಶ್ರದ್ಧಾ, ಅಶ್ವಿತ್ ನಾಲ್ವರೂ ಒಂದು ತಂಡವಾಗಿ ಜರ್ಮನಿಗೆ ಹೋಗುವ ಮಾತನ್ನು ನಾನು ಮುರಿದ ಮೇಲೆ ಅವನು ಆ ಮೂಲೆಯಲ್ಲಿ ಬರೆಯುವುದನ್ನು ನಿಲ್ಲಿಸಿದ. ಎರಡು ಕಾರ್ಯಕ್ರಮದ ಹಾಳೆಗಳು ಖಾಲಿ ಬಂದವು. ಮೂರನೆಯದನ್ನು ನಾನು ನೋಡಲೇ ಇಲ್ಲ. ಡಿಸೆಂಬರ್ ಹದಿನಾಲ್ಕಕ್ಕೆ ಕಾರ್ಖಾನೆಯಿಂದ ತಾಲೀಮಿಗೆ ಬರುವಾಗ ಚಾಕಣದ ರಸ್ತೆಯಲ್ಲಿ ಅಪಘಾತವಾಗಿ ಅವನು ಹೋದ. ಶನಿವಾರದ ಕಾರ್ಯಕ್ರಮ ನಿಂತಿತು. ಹಾಳೆ ವಾಪಸು ಕಳಿಸುವ ದಿನ ಬಂದಿತ್ತು, ನಾನು ಎದ್ದು ಕೂಡುವ ಸ್ಥಿತಿಯಲ್ಲಿರಲಿಲ್ಲ. ನನಗೆ ತ್ರಾಸಾಗಬಾರದು ಅಂತ ನೀನೇ ಕೂತು ಎಲ್ಲವನ್ನೂ ಅಳಿಸಿ ಕಳಿಸಿದಿ. ಆಮೇಲೆ ನೀನೂ ಒಬ್ಬಳೇ ಹೊರಟುಹೋದಿ.

ಈಗ ಕೇಳುತ್ತೇನೆ. ಆ ಮೂಲೆಯಲ್ಲಿ ಏನಾದರೂ ಬರೆದಿತ್ತೇನು? ಒಂದು ಶಬ್ದ ಇದ್ದರೂ ಸಾಕು. ಬೈಗುಳವಾದರೂ ಸಾಕು.

ನಿನ್ನ
ಕಲ್ಲವ್ವ ಕಾಕೂ

•

ಡೆಟ್ಮೋಲ್ಡ್, ಜರ್ಮನಿ
1 ಜುಲೈ 2024

ಪ್ರೀತಿಯ ಕಾಕೂ,

ನಿಮ್ಮ ಕಾಗದ ಬಂತು. ಇಷ್ಟು ವರ್ಷದ ಮೇಲೆ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಒತ್ತಕ್ಷರಗಳು ಕೈಗೆ ಬರುತ್ತಿಲ್ಲ.

ಇಲ್ಲಿ ನಾನು ಸೇರಿದ ತಂಡ ಒಳ್ಳೆಯದೇ. ಮೂವರೂ ನನಗಿಂತ ದೊಡ್ಡವರು. ಚೆಲ್ಲೋ ಬಾರಿಸುವವಳು ಹಂಗೇರಿಯವಳು, ಎತ್ತರದ ಹೆಂಗಸು. ಶುರು ಮಾಡುವ ಮೊದಲು ಜೋರಾಗಿ ಉಸಿರೆಳೆಯುತ್ತಾಳೆ, ಅದೇ ನಮಗೆ ಗುರುತು. ಮಾಂತು ಉಸಿರೆಳೆಯುತ್ತಿರಲಿಲ್ಲ, ಎಡಹುಬ್ಬು ಮೇಲೇರಿಸುತ್ತಿದ್ದ. ನಾನು ಈಗಲೂ ಹುಬ್ಬು ನೋಡುತ್ತೇನೆ, ಅದಕ್ಕೇ ತಡವಾಗಿ ಶುರು ಮಾಡುತ್ತೇನೆ. "ನೀನು ಏನನ್ನು ಕಾಯುತ್ತೀ?" ಅಂತ ಆಕೆ ಒಂದು ದಿನ ಕೇಳಿದಳು.

ಇಡೀ ತಿಂಗಳು ಜಿಟಿಜಿಟಿ ಮಳೆ. ಇಲ್ಲಿ ಸಿಗುವ ಬೇಳೆ ಬೇಯುವುದೇ ಇಲ್ಲ. ಶ್ರದ್ಧಾ ವಯೋಲ ಬಾರಿಸುವುದು ಬಿಟ್ಟು ಶಾಲೆಯಲ್ಲಿ ಕಲಿಸಲು ಹೋಗುತ್ತಾಳೆ ಅಂತ ಬರೆದಿದ್ದಳು. ಅಶ್ವಿತ್ ಸಿನಿಮಾದವರ ರೆಕಾರ್ಡಿಂಗಿಗೆ ಮುಂಬೈಗೆ ಹೋಗಿಬರುತ್ತಾನಂತೆ. ನಾಲ್ವರೂ ನಾಲ್ಕು ಕಡೆ ಆದೆವು.

ನೀವು ಕೇಳಿದ್ದಕ್ಕೆ ಮುಂದಿನ ಸಲ ಬರೆಯುತ್ತೇನೆ. ತಾಲೀಮಿಗೆ ಹೊತ್ತಾಯಿತು.

ನಿಮ್ಮ
ರೇಣು

•

ಶ್ರೀ ಗುರುಬಸವಲಿಂಗಾಯ ನಮಃ

ಸದಾಶಿವ ಪೇಠ, ಪುಣೆ
ಸೋಮವಾರ, 22 ಜುಲೈ 2024

ರೇಣು,

ನಿನ್ನ ಕಾಗದ ಮೂರು ಸಲ ಓದಿದೆ. ಹಂಗೇರಿಯವಳ ಉಸಿರಿನ ಸಂಗತಿ ಇದೆ, ಮಳೆಯದಿದೆ, ಬೇಳೆಯದಿದೆ. ನಾನು ಕೇಳಿದ್ದೊಂದೇ ಇಲ್ಲ. ಬೇಳೆಗೆ ಚಿಟಿಕೆ ಸೋಡಾ ಹಾಕು, ಬೇಯುತ್ತದೆ.

ನಿನಗೆ ನನ್ನ ಮೇಲೆ ಸಿಟ್ಟಿದ್ದರೆ ಅದು ನ್ಯಾಯವೇ. ಆದರೆ ನಾನು ಏನು ಮಾಡಿದೆ ಅಂತ ನಿನಗೂ ಪೂರ್ತಿ ಗೊತ್ತಿಲ್ಲ. ಯಾರಿಗೂ ಹೇಳಿಲ್ಲ. ನಿನಗೆ ಹೇಳುತ್ತೇನೆ.

ಹೋದ ವರ್ಷದ ಶ್ರಾವಣ, ಮೊದಲ ಸೋಮವಾರ. ಒಪ್ಪತ್ತು ಇದ್ದೆ. ಸಂಜೆಯ ಪೂಜೆ ಮುಗಿದಿರಲಿಲ್ಲ, ಲಿಂಗ ಇನ್ನೂ ಎಡ ಅಂಗೈಯಲ್ಲಿತ್ತು. ಮಾಂತು ಮೊದಲ ಪಾಳಿ ಮುಗಿಸಿ, ನಿಮ್ಮ ಜೊತೆ ತಾಲೀಮೂ ಮುಗಿಸಿ ಬಂದವನು ಬಾಗಿಲಲ್ಲೇ ನಿಂತು ಅಂದ: "ಅವ್ವಾ, ಜರ್ಮನಿಗೆ ನಾಲ್ಕೂ ಮಂದಿಗೆ ಕೂಡೇ ಕರದಾರ. ಎರಡು ವರ್ಷ. ಕಾರ್ಖಾನಿ ಬಿಡಬೇಕಾಗ್ತದ."

ಅವನ ಅಪ್ಪ, ನಿನ್ನ ಹೊಳಬಸಪ್ಪ ಕಾಕಾ, ಟ್ರಾನ್ಸ್‌ಪೋರ್ಟ್ ಆಫೀಸಿನಲ್ಲಿ ಹತ್ತೊಂಬತ್ತು ವರ್ಷ ಹಂಗಾಮಿ ಗುಮಾಸ್ತನಾಗಿ ದುಡಿದು, ಹಂಗಾಮಿಯಾಗಿಯೇ ಮಣ್ಣಿಗೆ ಹೋದವರು. ಸತ್ತ ದಿನ ಆಫೀಸಿನಿಂದ ಒಬ್ಬರೂ ಬರಲಿಲ್ಲ, ಪಟ್ಟಿಯಲ್ಲಿ ಹೆಸರಿಲ್ಲ ಅಂದರು. ಮಾಂತು ಚಾಕಣದಲ್ಲಿ ಪರ್ಮನೆಂಟ್ ಆಗಿ ಎಂಟು ತಿಂಗಳಾಗಿತ್ತು. ಅವನ ಗುರುತಿನ ಚೀಟಿಗೆ ನಾನು ವಿಭೂತಿ ಹಚ್ಚಿ ಪೂಜೆ ಮಾಡಿದ್ದೆ.

"ಪರ್ಮನೆಂಟ್ ಬಿಟ್ಟು ತಂತಿ ತಿಕ್ಕಾಕ ಹೋಗ್ತಿ?" ಅಂದೆ.

"ನೀ ದಿನಾ ಹಾಳಿ ತಿಕ್ತಿ, ನಾ ಏನರ ಅಂದೇನೇನು?" ಅಂತ ನಕ್ಕ.

ನಾನು ನಗಲಿಲ್ಲ. ಅಂಗೈಯನ್ನು ಅವನ ಮುಂದೆ ಚಾಚಿದೆ. "ಲಿಂಗದ ಮ್ಯಾಲ ಕೈ ಇಡು. ಕೆಲಸ ಬಿಡೂದಿಲ್ಲ ಅಂತ ಆಣಿ ಮಾಡು."

"ಬ್ಯಾಡವಾ. ಹಿಂಗ ಮಾಡಬ್ಯಾಡ."

"ಇಡು."

ಇಟ್ಟ. ಎಡಗೈ ಇಟ್ಟ, ತಂತಿ ಒತ್ತಿ ಒತ್ತಿ ತುದಿ ಜಡ್ಡುಗಟ್ಟಿದ ಬೆರಳು. ಒಬ್ಬರ ಇಷ್ಟಲಿಂಗವನ್ನು ಮತ್ತೊಬ್ಬರ ಕೈಗೆ ತಾಗಿಸಬಾರದು. ದೀಕ್ಷೆಯಾದಾಗ ಗುರುಗಳು ಹೇಳಿದ ಮೊದಲ ಮಾತೇ ಅದು. ಗೊತ್ತಿದ್ದೂ ಮಾಡಿದೆ. ದೇವರನ್ನು ಮಗನ ಮೇಲೆ ಕೋಲಿನ ಹಾಗೆ ಎತ್ತಿದೆ.

ಅವನು ಆಣೆ ಮುರಿಯಲಿಲ್ಲ. ಚೆಲ್ಲೋವನ್ನೂ ಬಿಡಲಿಲ್ಲ. ಎರಡೂವರೆಗೆ ಪಾಳಿ ಮುಗಿಸಿ, ಐದಕ್ಕೆ ತಾಲೀಮು ಅಂತ ದಿನವೂ ಆ ಲಾರಿಗಳ ನಡುವೆ ಬೈಕು ಓಡಿಸಿದ. ಆ ರಸ್ತೆಗೆ ಅವನನ್ನು ಹಾಕಿದವಳು ನಾನು. ಮನೆಯಲ್ಲಿ ಮಾತು ಬಿಟ್ಟಿರಲಿಲ್ಲ, ಉಣ್ಣುತ್ತಿದ್ದ, ಹೋಗಿಬರ್ತೀನಿ ಅನ್ನುತ್ತಿದ್ದ. ಆದರೆ ಆ ಮೂಲೆಯಲ್ಲಿ ಬರೆಯಲಿಲ್ಲ. ನನಗೆ ತಿಳಿಯಬೇಕಾದದ್ದು ಇಷ್ಟೇ: ಹೋಗುವ ಮೊದಲು ನನ್ನನ್ನು ಕ್ಷಮಿಸಿದ್ದನೋ ಇಲ್ಲವೋ. ಅದು ಆ ಕಾಗದಕ್ಕೆ ಗೊತ್ತಿತ್ತು, ಅದನ್ನು ಅಳಿಸಿದ ನಿನಗೆ ಗೊತ್ತಿದೆ.

ಕಲ್ಲವ್ವ

•

ಡೆಟ್ಮೋಲ್ಡ್
14 ಆಗಸ್ಟ್ 2024

ಕಾಕೂ,

ಬರೆದಿತ್ತು.

ಕೊನೆಯ ಪುಟದ ಕೆಳಗೆ, ಯಾವಾಗಿನ ಜಾಗದಲ್ಲೇ. "ಅವ್ವಾ, ಶನಿವಾರ ಬಾ. ಮುಂದಿನ ಸಾಲಿನ್ಯಾಗ ಕುಂಡ್ರು." ಇಷ್ಟೇ ಇತ್ತು.

ಫೋಟೋ ತೆಗೆದಿಟ್ಟುಕೊಳ್ಳಬೇಕು ಅಂತ ನನಗೆ ಹೊಳೆಯಲಿಲ್ಲ. ಎಲ್ಲವನ್ನೂ ಅಳಿಸುತ್ತ ಹೋದೆ, ಅದನ್ನೂ ಅಳಿಸಿದೆ. ಇಷ್ಟು ದಿನ ಹೇಳದೆ ಇದ್ದದ್ದಕ್ಕೆ ಕ್ಷಮಿಸಿ. ಇನ್ನು ಕೇಳಬೇಡಿ ಕಾಕೂ.

ರೇಣು

•

ಶ್ರೀ ಗುರುಬಸವಲಿಂಗಾಯ ನಮಃ

ಸದಾಶಿವ ಪೇಠ, ಪುಣೆ
ಸೋಮವಾರ, 2 ಸೆಪ್ಟೆಂಬರ್ 2024

ನನ್ನ ಬಂಗಾರದಂಥ ಮಗಳೇ,

ನಿನ್ನ ಕಾಗದ ಬಂದ ದಿನ ಒಲೆ ಹಚ್ಚಿ ಪುಂಡಿಪಲ್ಯ ಮಾಡಿದೆ. ಡಿಸೆಂಬರ್ ಆದಮೇಲೆ ಮೊದಲ ಸಲ. ಎರಡು ರೊಟ್ಟಿ ಉಂಡೆ. ಪಕ್ಕದ ಮನೆಯ ಗೋದಾ ಬಂದು "ಇವತ್ತು ಏನ್ ವಿಶೇಷರೀ ಕಲ್ಲವ್ವಾ" ಅಂದಳು. ಮಗ ಕಾಗದ ಬರದಾನ ಅನ್ನಲು ಹೊರಟಿದ್ದೆ, ನಾಲಿಗೆ ಕಚ್ಚಿಕೊಂಡೆ.

ನಿನಗೆ ಗೊತ್ತಲ್ಲ, ನಾನು ಯಾವತ್ತೂ ಸಭಾಗೃಹದೊಳಗೆ ಕೂತವಳಲ್ಲ. ವೇದಿಕೆಯ ಹಿಂದೆ ಹಾಳೆಯ ಚೀಲಗಳ ಹತ್ತಿರ ನಿಂತಿರುತ್ತಿದ್ದೆ. ಒಳಗೆ ಬಾರವಾ ಅಂತ ಎಷ್ಟೋ ಸಲ ಕರೆದಿದ್ದ. ಆ ಮಂದಿಯ ನಡುವೆ ನನಗೇನು ಕೆಲಸ ಅನ್ನುತ್ತಿದ್ದೆ. ಅಷ್ಟೆಲ್ಲ ಆದಮೇಲೂ ಕರೆದನಲ್ಲ ರೇಣು. ಆ ಸಾಲನ್ನು ಒಂದು ಚೀಟಿಯಲ್ಲಿ ಬರೆದು ಬಸವಣ್ಣನವರ ಫೋಟೋದ ಮುಂದೆ ಇಟ್ಟಿದ್ದೇನೆ. ಈಗ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಪೂಜೆ ಪೂರ್ತಿ ಮಾಡುತ್ತೇನೆ.

ಸರ್‌ಗೂ ಹೇಳಿದೆ. ಎಂಟೊಂಬತ್ತು ತಿಂಗಳಿಂದ ಅವರು ವಾದ್ಯಮೇಳ ನಡೆಸುವ ಕೋಲು ಮುಟ್ಟಿಲ್ಲ. ಇಪ್ಪತ್ತೆರಡು ಕುರ್ಚಿಗಳ ಮೇಲೆ ಬಟ್ಟೆ ಹೊದಿಸಿ, ಕೆಳಗೆ ಹೋಟೆಲಿನ ಗಲ್ಲಾದಲ್ಲಿ ಕೂಡುತ್ತಿದ್ದರು. ನಾನು ಹೇಳಿದ್ದು ಕೇಳಿ ಗಲ್ಲಾ ಮುಚ್ಚಿದರು. ಆಮೇಲೆ ತಮ್ಮ ಸಂಗತಿ ಹೇಳಿದರು. ಅವರೂ ಒಂದು ಕಾಲಕ್ಕೆ ವಿಯೆನ್ನಾದಲ್ಲಿ ನಾಲ್ವರ ತಂಡದಲ್ಲಿ ವಯೋಲಿನ್ ಬಾರಿಸುತ್ತಿದ್ದರಂತೆ. ತಂದೆ ಹಾಸಿಗೆ ಹಿಡಿದರು ಅಂತ ಹೋಟೆಲ್ ನೋಡಿಕೊಳ್ಳಲು ವಾಪಸು ಬಂದರು. ಉಳಿದ ಮೂವರು ಬೇರೊಬ್ಬನನ್ನು ಕೂಡಿಸಿಕೊಂಡು ದೊಡ್ಡ ಹೆಸರು ಮಾಡಿದರು. "ಇಲ್ಲಿ ನನಗೆ ಸರಿಯಾದ ಮೂವರು ಸಿಗಲಿಲ್ಲ ಕಲ್ಲವ್ವನವರೇ. ಅದಕ್ಕೇ ಇಪ್ಪತ್ತು ಮಕ್ಕಳಿಗೆ ಕಲಿಸಿ ಕೋಲು ಹಿಡಿದದ್ದು. ನಿಮ್ಮ ಮಗ ಮತ್ತು ಆ ಮೂವರು ಸಿಕ್ಕಾಗ, ನನ್ನದೇ ತಂಡ ವಾಪಸು ಬಂದ ಹಾಗಾಗಿತ್ತು" ಅಂದರು. ಆಮೇಲೆ ತಲೆ ತಗ್ಗಿಸಿ ಅಂದರು: "ಆವತ್ತು ಮೂರು ಗಂಟೆಗೆ ಅವನಿಗೆ ನಾನು ಫೋನ್ ಮಾಡಿದ್ದೆ. ಕೊನೇ ತಾಲೀಮು, ತಡ ಮಾಡಬೇಡ ಅಂತ ಹೇಳಿದ್ದೆ."

ಚಹಾ ಮಾಡಿ ಕೊಟ್ಟೆ.

ಈಗ ಅವರು ಒಂದು ನಿರ್ಧಾರ ಮಾಡಿದ್ದಾರೆ. ಡಿಸೆಂಬರ್ ಹದಿನಾಲ್ಕಕ್ಕೆ ವರ್ಷವಾಗುತ್ತದೆ, ಆವತ್ತು ಶನಿವಾರ. ಅಂದು ನಿಂತುಹೋದ ಅದೇ ಕೃತಿಯನ್ನು ಬಾರಿಸುತ್ತಾರೆ. ಅದರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ, ನಿನಗೆ ಗೊತ್ತು. "ಮುಂದಿನ ಸಾಲಿನಲ್ಲಿ ನಿಮಗೆ ಕುರ್ಚಿ ಇಡಿಸುತ್ತೇನೆ" ಅಂದರು. ಮುಂಬೈಗೆ ಬರೆದು ಹಾಳೆ ತರಿಸುತ್ತಿದ್ದಾರೆ.

ನಿನ್ನ ಋಣ ದೊಡ್ಡದು.

ಕಲ್ಲವ್ವ ಕಾಕೂ

•

ಡೆಟ್ಮೋಲ್ಡ್
27 ಸೆಪ್ಟೆಂಬರ್ 2024

ಕಾಕೂ,

ಸರ್ ಮತ್ತೆ ಕೋಲು ಹಿಡಿಯುತ್ತಾರೆ ಅಂತ ಓದಿ ಸಂತೋಷವಾಯಿತು. ಆದರೆ ಮುಂಬೈಯ ಆ ಪ್ರತಿ ಭಾಳ ಹಳೆಯದು, ಅಚ್ಚು ಸವೆದಿದೆ. ಈಗ ಹೊಸ ಮುದ್ರಣ ಬಂದಿದೆ, ನಾನೇ ಇಲ್ಲಿಂದ ಕೊಂಡು ಕಳಿಸುತ್ತೇನೆ. ಸರ್‌ಗೆ ಹೇಳಿ.

ಅವರು ಒಪ್ಪದಿದ್ದರೆ, ಈ ಸಲ ಹಾಳೆಯ ಕೆಲಸ ಶ್ರದ್ಧಾಗೆ ಬಿಡಿ. ನೀವು ಆ ಚೀಲ ಬಿಚ್ಚಬೇಡಿ. ನಿಮಗೆ ಸಂಕಟವಾಗುತ್ತದೆ ಅಂತ ಹೇಳುತ್ತಿದ್ದೇನೆ, ಬೇರೇನೂ ಇಲ್ಲ.

ರೇಣು

•

ಸದಾಶಿವ ಪೇಠ, ಪುಣೆ
ಸೋಮವಾರ, 11 ನವೆಂಬರ್ 2024

ರೇಣು,

ಹಾಳೆ ಬಂದವು. ಚೀಲ ನಾನೇ ಬಿಚ್ಚಿದೆ. ಹದಿನಾಲ್ಕು ವರ್ಷದಿಂದ ಬಿಚ್ಚುವವಳು ನಾನೇ, ಬಿಡಲು ಮನಸ್ಸು ಬರಲಿಲ್ಲ.

ಅದೇ ಪ್ರತಿ. ಚೆಲ್ಲೋದ ಮೊದಲ ಹಾಳೆಯ ಎರಡನೆಯ ಪುಟದಲ್ಲಿ ಅಶ್ವಿತ್ ಚೆಲ್ಲಿದ ಚಹಾದ ಕಲೆ ಹಾಗೇ ಇದೆ. ಒಯ್ದವರ ಹೆಸರು ಬರೆಯುವ ಚೀಟಿಯಲ್ಲಿ ನಮ್ಮ ಹೆಸರೇ ಕೊನೆಯದು. ನಡುವೆ ಯಾರೂ ಇದನ್ನು ಮುಟ್ಟಿಲ್ಲ.

ನಾನು ಸಂಗೀತ ಓದಲಾರೆ ರೇಣು. ಅಳಿಸಿದ ಕಾಗದ ಓದಬಲ್ಲೆ. ನನಗೆ ಬರುವುದು ಅದೊಂದೇ. ರಬ್ಬರು ತಾಗಿದ ಕಡೆ ಕಾಗದದ ಹೊಳಪು ಸಾಯುತ್ತದೆ. ಎಷ್ಟೇ ಹಗುರ ಕೈ ಇರಲಿ, ಎಳೆ ಮೇಲೇಳುತ್ತದೆ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಯಾವ ಜಾಗದಲ್ಲಿ ಬರೆದಿತ್ತು, ಯಾವ ಜಾಗದಲ್ಲಿ ಇಲ್ಲ ಅಂತ ಬೆರಳಿಟ್ಟು ತೋರಿಸುತ್ತೇನೆ.

ಅವನು ಹಾಕಿದ ಗುರುತುಗಳೆಲ್ಲ ಸಿಕ್ಕವು. ಸಾಲಿನ ಮೇಲೆ ಮಬ್ಬು ಮಬ್ಬು ಚುಕ್ಕೆಗಳಾಗಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ. ನೀನು ಜೋರಾಗಿ ತಿಕ್ಕುತ್ತೀ, ಎರಡು ಕಡೆ ಕಾಗದ ತೆಳ್ಳಗಾಗಿದೆ. ಒಂದೊಂದಕ್ಕೂ ಬೆರಳು ತಾಗಿಸುತ್ತ ಬಂದೆ. ಕೊನೆಯ ಪುಟಕ್ಕೆ ಬಂದೆ. ಕೆಳಗೆ, ಬಲಮೂಲೆ.

ಹೊಸ ಕಾಗದದ ಹಾಗೆ ಹೊಳೆಯುತ್ತಿತ್ತು. ಆ ಜಾಗಕ್ಕೆ ಯಾವತ್ತೂ ರಬ್ಬರು ತಾಗಿಲ್ಲ. ಅಲ್ಲಿ ಏನೂ ಬರೆದಿರಲಿಲ್ಲ.

ನೀನು ಒಳ್ಳೆಯ ಮನಸ್ಸಿನಿಂದಲೇ ಬರೆದಿರುತ್ತೀ. ಸಿಟ್ಟಿಲ್ಲ ಅಂತ ನಾನು ಬರೆದರೆ ಅದೂ ಸುಳ್ಳಾಗುತ್ತದೆ. ಮೂರು ತಿಂಗಳು ನಿನ್ನ ಸುಳ್ಳಿಗೆ ನಾನು ಹೂ ಏರಿಸಿದೆ. ಆ ಚೀಟಿಯನ್ನು ಫೋಟೋದ ಮುಂದಿನಿಂದ ತೆಗೆದೆ. ಹರಿಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ, ಅಕ್ಕಿ ಡಬ್ಬಿಯ ಕೆಳಗೆ ಹಾಕಿದ್ದೇನೆ.

ಸರ್‌ಗೆ ಹೇಳಿಲ್ಲ. ಆ ಸಾಲು ಕೇಳಿಯೇ ಅವರು ಕುರ್ಚಿಗಳ ಮೇಲಿನ ಬಟ್ಟೆ ತೆಗೆಸಿದ್ದು. ದಿನಾ ಸಂಜೆ ತಾಲೀಮು ನಡೆದಿದೆ. ಮಾಂತುವಿನ ಕುರ್ಚಿಗೆ ನೀತಾ ಅನ್ನುವ ಹುಡುಗಿ ಬಂದಿದ್ದಾಳೆ, ಶಿರೂರಿನವಳು, ಚೆಲ್ಲೋ ಹೊತ್ತು ಎಸ್‌ಟಿ ಬಸ್ಸಿನಲ್ಲಿ ಬರುತ್ತಾಳೆ. ನಡೆಯಲಿ. ಆದರೆ ಹದಿನಾಲ್ಕಕ್ಕೆ ನಾನು ಸಭಾಗೃಹಕ್ಕೆ ಬರುವುದಿಲ್ಲ. ನನ್ನನ್ನು ಯಾರೂ ಕರೆದಿಲ್ಲ.

ಕಲ್ಲವ್ವ

•

ಡೆಟ್ಮೋಲ್ಡ್
27 ನವೆಂಬರ್ 2024

ಕಾಕೂ,

ಸುಳ್ಳು ಹೇಳಿದೆ. ಇನ್ನು ನಡೆದದ್ದನ್ನು ಬರೆಯುತ್ತೇನೆ.

ಅವನು ಆ ಸಾಲನ್ನು ಯಾವಾಗ ಬರೆಯುತ್ತಿದ್ದ ಅಂತ ನಿಮಗೆ ಗೊತ್ತಿಲ್ಲ. ಯಾವಾಗಲೂ ಕೊನೆಯ ತಾಲೀಮು ಮುಗಿದ ಮೇಲೆ. ಎಲ್ಲರೂ ವಾದ್ಯ ಕಟ್ಟುವಾಗ ಅವನು ಚೆಲ್ಲೋ ಪೆಟ್ಟಿಗೆಯ ಮೇಲೆ ಹಾಳೆ ಇಟ್ಟುಕೊಂಡು ಬರೆಯುತ್ತಿದ್ದ. ನಾವು ಮೂವರು ಮೆಟ್ಟಿಲ ಮೇಲೆ ಕಾಯುತ್ತಿದ್ದೆವು. "ಅಮ್ಮನಿಗೆ ಅರ್ಜಿ ಬರೆದು ಆಯ್ತಾ ಮಾರಾಯ?" ಅಂತ ಅಶ್ವಿತ್ ಕಾಡುತ್ತಿದ್ದ. ಡಿಸೆಂಬರ್ ಹದಿನಾಲ್ಕು ಕೊನೆಯ ತಾಲೀಮು. ಅವನು ಅದಕ್ಕೇ ಬರುತ್ತಿದ್ದ.

ಹಿಂದಿನ ದಿನ, ಬುಧವಾರ, ಮೆಟ್ಟಿಲಿಳಿಯುವಾಗ ನನ್ನನ್ನು ಕೇಳಿದ: "ರೇಣು, ಈ ಸಲ ಅವ್ವಗ ಏನ್ ಬರೀಲಿ?"

ನನಗೆ ನಿಮ್ಮ ಮೇಲೆ ಕೆಟ್ಟ ಸಿಟ್ಟಿತ್ತು. ಆ ಎರಡು ಕಾರ್ಯಕ್ರಮದಲ್ಲಿ ಅವನು ಬರೆಯದಿದ್ದದ್ದಕ್ಕೆ ನಾನೂ ಕಾರಣ, ಬರೆಯಬೇಡ ಅಂತ ತಲೆ ತಿಂದಿದ್ದೆ. "ಏನೂ ಬರೀಬ್ಯಾಡ. ನಮ್ಮ ನಾಲ್ಕೂ ಮಂದೀ ಬಾಳೇನ ಮುರದಾಳ ಆಕಿ" ಅಂದೆ.

"ಹಂಗನಬ್ಯಾಡ" ಅಂದ. "ಆಕೀಗಿ ಅಪ್ಪನ ಹೆದರಿಕಿ, ನಾನೂ ಅಪ್ಪನಂಗ ಆದೇನಂತ. ನಮ್ಮ ಬಾರಸೂದು ಒಮ್ಮೆನೂ ಎದುರಿಗೆ ಕುಂತು ಕೇಳಿಲ್ಲ. ಶನಿವಾರ ಬಂದು ಮುಂದಿನ ಸಾಲಿನ್ಯಾಗ ಕುಂಡ್ರು ಅಂತ ಬರೀತೀನಿ. ಬರ್ತಾಳೋ ಇಲ್ಲೋ ನೋಡೂಣು."

ನಾನು ಉತ್ತರ ಕೊಡಲಿಲ್ಲ. ಹೋಗಿಬರ್ತೀನಿ ಅಂದ, ಅದಕ್ಕೂ ಕೊಡಲಿಲ್ಲ. ಅವನ ಜೊತೆ ಆಡಬೇಕಾಗಿದ್ದ ನನ್ನ ಕೊನೆಯ ಮಾತು ಅದು.

ಸೋಮವಾರ ಅಳಿಸಲು ಕೂತಾಗ ಮೊದಲು ಆ ಮೂಲೆಯನ್ನೇ ನೋಡಿದೆ. ಖಾಲಿ ಇತ್ತು. ಸರಿಯಾಯಿತು, ಆಕೆಗೆ ಏನೂ ಸಿಗಬಾರದು ಅಂತ ಒಂದು ಕ್ಷಣ ಅನ್ನಿಸಿತು ಕಾಕೂ. ಮಗ ಸತ್ತು ನಾಲ್ಕು ದಿನವಾಗಿದ್ದ ತಾಯಿಯ ಬಗ್ಗೆ ನನಗೆ ಹಾಗೆ ಅನ್ನಿಸಿತು. ನಿಮ್ಮ ಮೊದಲ ಕಾಗದಕ್ಕೆ ಉತ್ತರ ಬರೆಯಲು ಆಗದೆ ಹೋದದ್ದು ಅದಕ್ಕೆ. ಆಮೇಲೆ ನೀವು ಆಣೆಯ ಸಂಗತಿ ಬರೆದಿರಿ. ಅವನು ಬರೆಯುತ್ತೇನೆ ಅಂದದ್ದನ್ನು ಬರೆದಿದ್ದ ಅಂತ ಹೇಳಿಬಿಟ್ಟೆ.

ಇದನ್ನು ನಂಬುವುದು ಬಿಡುವುದು ನಿಮಗೆ ಸೇರಿದ್ದು. ಒಮ್ಮೆ ಸುಳ್ಳು ಬರೆದವಳ ಕಾಗದ ಇದು. ತೋರಿಸಲು ನನ್ನ ಹತ್ತಿರ ಯಾವ ಗುರುತೂ ಇಲ್ಲ. ಆದರೆ ಶನಿವಾರ ಹೋಗಿ.

ರೇಣು

•

ಶ್ರೀ ಗುರುಬಸವಲಿಂಗಾಯ ನಮಃ

ಸದಾಶಿವ ಪೇಠ, ಪುಣೆ
ಸೋಮವಾರ, 16 ಡಿಸೆಂಬರ್ 2024

ಮಗಳೇ ರೇಣು,

ನಿನ್ನ ಕಾಗದ ಗುರುವಾರ ಕೈಸೇರಿತು. ನಂಬಿದೆನೋ ಇಲ್ಲವೋ ಅಂತ ಕೇಳಬೇಡ. ಬೆಳಿಗ್ಗೆ ನಂಬುತ್ತೇನೆ, ಮಧ್ಯಾಹ್ನಕ್ಕೆ ನಂಬಿಕೆ ಹೋಗುತ್ತದೆ, ಸಂಜೆ ಪೂಜೆಗೆ ಕೂತಾಗ ಮತ್ತೆ ಬರುತ್ತದೆ. "ಆಕೀಗಿ ಅಪ್ಪನ ಹೆದರಿಕಿ" ಅನ್ನುವ ಮಾತು ಮಾತ್ರ ನಿನ್ನ ಕಲ್ಪನೆಗೆ ಬರುವಂಥದ್ದಲ್ಲ ಅನ್ನಿಸುತ್ತದೆ. ಅದೂ ನನ್ನ ಆಸೆಯೇ ಇರಬಹುದು.

ಶನಿವಾರ ಹೋದೆ. ಹಸಿರು ಇಳಕಲ್ ಸೀರೆ ಉಟ್ಟಿದ್ದೆ, ಅವನು ಮೊದಲ ಪಗಾರದಲ್ಲಿ ತಂದದ್ದು. ಕಾರ್ಯಕ್ರಮಕ್ಕೆ ಒಂದು ತಾಸು ಮೊದಲು ಯಾವಾಗಿನಂತೆ ಹಾಳೆಗಳನ್ನು ಹಚ್ಚಿಡಲು ವೇದಿಕೆ ಹತ್ತಿದೆ. ಮಾಂತುವಿನ ಜಾಗಕ್ಕೆ ಬಂದಾಗ ಕೊನೆಯ ಪುಟ ತೆಗೆದೆ. ನೀತಾಳ ಪೆನ್ಸಿಲು ಅಲ್ಲೇ ಇತ್ತು. ಹದಿನಾಲ್ಕು ವರ್ಷದಲ್ಲಿ ಆ ಹಾಳೆಗಳ ಮೇಲೆ ನಾನು ಒಂದು ಗೆರೆ ಎಳೆದವಳಲ್ಲ. ಆವತ್ತು ಬಲಮೂಲೆಯಲ್ಲಿ ಬರೆದೆ: "ಬಂದೀನಪಾ, ಮಾಂತು."

ಅಷ್ಟರಲ್ಲಿ ನೀತಾ ಬಂದಳು. ಬಗ್ಗಿ ನೋಡಿ, "ಮಾವಶಿ, ಹೇ ಕಾಯ್ ಲಿಹಿಲಂಯ್?" ಅಂದಳು, ಏನು ಬರೆದಿದ್ದೀರಿ ಅಂತ.

"ಕಾಹೀ ನಾಹೀ ಬಾಳಾ," ಏನಿಲ್ಲ ಮಗು ಅಂದೆ. "ನೀನು ಅಲ್ಲಿಯವರೆಗೆ ಬಂದರೆ ಮುಗಿಯಿತು ಅಂತ ಗುರುತು."

ಮುಂದಿನ ಸಾಲಿನಲ್ಲಿ ಕೂತೆ. ಸರ್ ಕೋಲು ಎತ್ತಿದರು. ಎಷ್ಟು ಹತ್ತಿರ ಅಂದರೆ ಕಮಾನು ಎಳೆಯುವವರ ಉಸಿರು ಕೇಳುತ್ತದೆ, ಹುಬ್ಬು ಕಾಣುತ್ತದೆ. ಇಷ್ಟು ವರ್ಷ ಗೋಡೆಯ ಹಿಂದೆ ನಿಂತು ನಾನು ಕೇಳಿದ್ದು ಏನು ಅಂತ ಈಗ ಅನ್ನಿಸುತ್ತದೆ. ನಿಧಾನದ ಭಾಗ ಬಂತು. ಚೆಲ್ಲೋ ಒಂದೇ ಬಾರಿಸುವ ಜಾಗ ಬರುತ್ತದಲ್ಲ, ಅಲ್ಲಿ ಸರ್ ಕೈ ಮೇಲೆತ್ತಿದವರು ಇಳಿಸಲೇ ಇಲ್ಲ. ಇಪ್ಪತ್ತೆರಡು ಮಂದಿ ಅವರ ಕೈ ನೋಡುತ್ತ ಕೂತರು. ಕೊನೆಗೆ ನೀತಾ ತಾನೇ ಶುರು ಮಾಡಿದಳು, ಅವರ ಕೈ ಅವಳ ಹಿಂದೆ ಬಂತು. ಚಂದ ಬಾರಿಸಿದಳು ಹುಡುಗಿ. ಮಾಂತುವಿನ ಹಾಗಲ್ಲ. ಮಾಂತುವಿನ ಹಾಗೆ ಅಂದರೆ ಹೇಗೆ ಅಂತ ನನಗೇನು ಗೊತ್ತು? ನಾನು ಎದುರಿಗೆ ಕೂತು ಕೇಳಿದವಳೇ ಅಲ್ಲವಲ್ಲ. ಅಲ್ಲಿ ಕೂತು ನಾನು ಅತ್ತದ್ದು ಅದೊಂದಕ್ಕೇ.

ಮುಗಿದ ಮೇಲೆ ಸರ್ ಬಂದು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. "ನಿಮ್ಮ ಮಗ ಕರೆದ ಹಾಗೆ ಬಂದಿರಲ್ಲ, ಅಷ್ಟು ಸಾಕು ಕಲ್ಲವ್ವನವರೇ" ಅಂದರು. ಹೌದ್ರಿ ಅಂದೆ. ಅವರಿಗೆ ಯಾವತ್ತೂ ಹೇಳುವುದಿಲ್ಲ, ನೀನೂ ಹೇಳಬೇಡ.

ನೀನು ಊರಿಗೆ ಬಂದಾಗ ನನ್ನ ಮನೆಗೇ ಬಾ. ನಿನ್ನ ಸಿಟ್ಟನ್ನು ಬಚ್ಚಿಡಬೇಡ, ಎದುರಿಗೆ ಕೂತು ಬೈದುಬಿಡು. ನಾನು ನಿನಗೆ ಬೈಯುವುದೂ ಸ್ವಲ್ಪ ಇದೆ. ಆಮೇಲೆ ಇಬ್ಬರೂ ಉಣ್ಣೋಣ.

ಇವತ್ತು ಸೋಮವಾರ, ಹಾಳೆ ಮುಂಬೈಗೆ ಹೋಗಬೇಕು. ಬೆಳಿಗ್ಗೆ ಪೂಜೆ ಮುಗಿಸಿ ಕಿಟಕಿಯ ಹತ್ತಿರ ಕೂತೆ. ಎಲ್ಲರದ್ದೂ ಅಳಿಸಿದೆ. ನೀತಾಳ ಚೌಕಟ್ಟು, ಗೂಟ ಎಲ್ಲ ಹೋದವು, ಕೆಲವು ಮಾಂತು ಹಾಕಿದ ಜಾಗದಲ್ಲೇ ಇದ್ದವು. ಕೊನೆಯಲ್ಲಿ ಬಲಮೂಲೆಗೆ ಬಂದೆ. ನಾನು ಬರೆದದ್ದನ್ನು ನಾನೇ ಓದಿ, ನಾನೇ ಅಳಿಸಿದೆ. ಮೆತ್ತಗೆ ತಿಕ್ಕಿದೆ. ಬ್ರಷ್‌ನಿಂದ ಪುಡಿ ಝಾಡಿಸಿ, ಹಾಳೆಯನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿದೆ. ಅಲ್ಲಿಯ ಹೊಳಪೂ ಹೋಗಿದೆ. ಇನ್ನು ಮುಂದೆ ಬಲ್ಲವರು ಯಾರು ನೋಡಿದರೂ, ಇಲ್ಲಿ ಏನೋ ಬರೆದಿತ್ತು ಅಂತಲೇ ಅನ್ನುತ್ತಾರೆ.

ನಿನ್ನ
ಕಲ್ಲವ್ವ ಕಾಕೂ